ಚುಕ್ಕಿ ಗೆರೆಯ ಕೋಣೆ

ಜನವರಿ ೯

ಮಗಳೇ,

ಇನ್ನು ಫೋನಿನಲ್ಲಿ ಮಾತು ಬೇಡ ಎಂದು ನಿನ್ನೆಯೇ ತೀರ್ಮಾನ ಮಾಡಿದೆ. ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಸುಮ್ಮನೆ 'ಹಾಂ ಹಾಂ' ಎನ್ನುತ್ತೇನೆ, ನೀನು ಕೇಳಿಸಿತು ಎಂದುಕೊಳ್ಳುತ್ತೀಯ. ಕಿವಿಗೆ ಸಿಕ್ಕಿಸಿಕೊಳ್ಳುವ ಆ ಯಂತ್ರ ಸಿಳ್ಳೆ ಹೊಡೆಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಹೇಗೂ ನಕ್ಷೆಗಳು ಅಂಚೆಯಲ್ಲೇ ಬರಬೇಕು. ಜೊತೆಗೆ ನಾಲ್ಕು ಸಾಲು ಬರೆದು ಹಾಕು.

ಕೆಲಸ ಇದು. ಪುಸ್ತಕಕ್ಕೆ ಇನ್ನೂ ಹೆಸರಿಟ್ಟಿಲ್ಲ, ಆದರೆ ವಿಷಯ ನಿನಗೆ ಗೊತ್ತೇ ಇದೆ, ಚಿಕ್ಕಂದಿನಿಂದ ನಿನ್ನ ತಲೆ ತಿನ್ನುತ್ತ ಬಂದಿದ್ದೇನೆ. ಹಳೆಯ ದೊಡ್ಡ ಕಾದಂಬರಿಗಳಲ್ಲಿ ಮನೆ ಎಂದರೆ ಏನು? ಬರೀ ಗೋಡೆಯೇ, ಅಥವಾ ಅದೂ ಒಂದು ಪಾತ್ರವೇ? ತರಗತಿಯಲ್ಲಿ ಇದನ್ನೇ ಹೇಳಿ ಹೇಳಿ ಗಂಟಲು ಸವೆಯಿತು. ನಿವೃತ್ತಿಯಾದ ಮೇಲಾದರೂ ಬರೆದು ಕೈತೊಳೆದುಕೊಳ್ಳೋಣ ಎಂದರೆ ಪ್ರಕಾಶಕರು, "ಮೇಡಂ, ಬರೀ ಮಾತಾದ್ರೆ ಯಾರು ಓದ್ತಾರೆ? ಚಿತ್ರ ಇರ್ಲಿ" ಎನ್ನುತ್ತಾರೆ. ಆಗ ನಿನ್ನ ನೆನಪಾಯಿತು. ದಿನವಿಡೀ ಆಫೀಸಿನಲ್ಲಿ ಕೂತು ಕಂಡವರ ಮನೆಗೆಲ್ಲ ಪ್ಲಾನ್ ಎಳೆಯುತ್ತೀಯ. ನನಗೂ ಕೆಲವು ಮನೆ ಎಳೆದುಕೊಡು.

ಒಂದೊಂದು ಕಾದಂಬರಿಯಲ್ಲೂ ಮನೆಯ ಮಾತು ಬರುವ ಪುಟಗಳ ನಕಲು ಕಳಿಸುತ್ತೇನೆ. ಪುಸ್ತಕದ ಹೆಸರು, ಕಥೆ, ಏನೂ ಹೇಳುವುದಿಲ್ಲ. ಹೇಳಿದರೆ ನೀನು ಕಥೆಗೆ ತಕ್ಕಂತೆ ಗೋಡೆ ಎಬ್ಬಿಸುತ್ತೀಯ. ನಿಯಮ ಇಷ್ಟೇ. ಲೇಖಕ ಹೇಳಿದ್ದಕ್ಕೆಲ್ಲ ಗಟ್ಟಿ ಗೆರೆ. ಅವನು ಹೇಳದೆ ಬಿಟ್ಟಿದ್ದರೂ ಇರಲೇಬೇಕಾದ್ದಕ್ಕೆ ಚುಕ್ಕಿ ಗೆರೆ. ಕುರ್ಚಿ, ಮೇಜು, ಮಂಚ ಎಲ್ಲವನ್ನೂ ಇದ್ದಲ್ಲೇ ಇಡು. ಮೂಲೆಯಲ್ಲಿ ಸಂಖ್ಯೆ ಹಾಕು. ಸ್ವಂತ ಬುದ್ಧಿ ಖರ್ಚು ಮಾಡಬೇಡ.

ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ ಅಮ್ಮ

*

ಜನವರಿ ೨೮

ಅಮ್ಮ,

ಮೊದಲ ಮೂರು ಮನೆಗಳನ್ನು ಸುರುಳಿ ಸುತ್ತಿ ಕಳಿಸಿದ್ದೇನೆ. ಸಂಜೆ ಎಲ್ಲರೂ ಹೊರಟ ಮೇಲೆ ಆಫೀಸಿನಲ್ಲೇ ಉಳಿದು ಎಳೆದೆ. ಇಲ್ಲಿ ಮೇಜು ದೊಡ್ಡದು, ದೀಪವೂ ಚೆನ್ನಾಗಿದೆ.

ನಿನ್ನ ದೊಡ್ಡ ಲೇಖಕರಿಗೆ ನಮ್ಮ ಆಫೀಸಿನಲ್ಲಿ ಕೆಲಸ ಸಿಗುತ್ತಿರಲಿಲ್ಲ. ವ್ಯಾಪಾರಿಯ ಮನೆಯಲ್ಲಿ ಎರಡು ಕಡೆ ಮೆಟ್ಟಿಲಿದೆ, ಮಹಡಿಯೇ ಇಲ್ಲ. ಲೇಖಕ ಜನರನ್ನು ಹತ್ತಿಸುತ್ತಾನೆ, ಎಲ್ಲಿಗೆ ಹೋದರೆಂದು ಹೇಳುವುದಿಲ್ಲ. ನ್ಯಾಯಾಧೀಶರ ಮನೆಯಲ್ಲಿ ಓದುವ ಕೋಣೆಗೆ ಪುಟಗಟ್ಟಲೆ ವರ್ಣನೆ, ಪರದೆಯ ಬಣ್ಣ ಸಮೇತ. ಅಡಿಗೆಮನೆಗೆ ಒಂದು ಸಾಲಿಲ್ಲ. ಆದರೂ ಅಲ್ಲಿ ಎಲ್ಲರೂ ಹೊತ್ತುಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ನಿನ್ನ ನಿಯಮದಂತೆ ಚುಕ್ಕಿ ಗೆರೆಯಲ್ಲಿ ಒಂದು ಅಡಿಗೆಮನೆ ಕಟ್ಟಿದೆ, ಬಾಗಿಲು ಎಲ್ಲಿಡಬೇಕೋ ತಿಳಿಯದೆ ಹಿತ್ತಲ ಕಡೆ ಇಟ್ಟೆ. ವೈದ್ಯರ ಮನೆಗೆ ರೋಗಿಗಳ ಬಾಗಿಲು ಬೇರೆ, ಮನೆಯವರ ಬಾಗಿಲು ಬೇರೆ. ಅವರ ಹೆಂಡತಿ ಗಂಡನನ್ನು ಕಾಣಬೇಕಾದರೆ ರೋಗಿಗಳ ಸಾಲಿನಲ್ಲಿ ಕೂರಬೇಕು. ಅದು ನಗಬೇಕಾದ ಮಾತೋ ಅಲ್ಲವೋ ಪುಟಗಳಿಂದ ಗೊತ್ತಾಗಲಿಲ್ಲ.

ಅಮ್ಮ, ಒಂದು ಮಾತು. ಸ್ವಲ್ಪ ದಿನ ಅಲ್ಲಿಗೆ ಬಂದು ಇರಲೇ? ಎಷ್ಟು ದಿನ ಎಂದು ಈಗ ಹೇಳಲಾರೆ. ಪ್ಲಾನ್ ಎಳೆಯುವ ಕೆಲಸ ಅಲ್ಲಿಂದಲೇ ಮಾಡಿ ಕಳಿಸಬಹುದು, ಆಫೀಸಿನಲ್ಲಿ ವಿಚಾರಿಸಿದ್ದೇನೆ. ನನಗೆ ತುಂಬ ಸುಸ್ತಾಗಿದೆ. ನನ್ನ ಹಳೆಯ ಕೋಣೆಯೊಂದು ಸಿಕ್ಕರೆ ಸಾಕು.

ನಿನ್ನ ಮಗಳು

*

ಫೆಬ್ರವರಿ ೭

ಮಗಳೇ,

ಅಡಿಗೆಮನೆಗೆ ಬಾಗಿಲು ಇಡಲು ನೀನು ಪಟ್ಟ ಪಾಡು ಓದಿ ಒಬ್ಬಳೇ ನಕ್ಕೆ. ಅಲ್ಲೇ ಇದೆ ನೋಡು ಸ್ವಾರಸ್ಯ! ದೊಡ್ಡ ದೊಡ್ಡವರೆಲ್ಲ ಮನೆಯ ಮಾನ, ಮನೆಯ ಹೆಸರು ಎಂದು ಬರೆದೇ ಬರೆದರು. ಆ ಮನೆ ನಡೆಯುವ ಜಾಗಕ್ಕೆ ಒಬ್ಬನೂ ಕಾಲಿಡಲಿಲ್ಲ. ನಾನು ಇಷ್ಟು ವರ್ಷ ಗಟ್ಟಿ ಗೆರೆಗಳನ್ನೇ ಪಾಠ ಮಾಡಿದೆ. ನಿನ್ನ ನಕ್ಷೆ ನೋಡಿದ ಮೇಲೆ ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆಯುತ್ತಿದ್ದೇನೆ. ಪ್ರಕಾಶಕರಿಗೆ ಮೈಯೆಲ್ಲ ಉರಿ. "ಮೇಡಂ, ಇಷ್ಟೊತ್ತಿಗೆ ನಿಜವಾದ ಮನೇನೇ ಕಟ್ಟಿಸಿಬಿಡಬೋದಿತ್ತು" ಎಂದರು. ಕಟ್ಟಿಸಿ ಎಂದೆ.

ಬರುವ ಮಾತು ಬರೆದಿದ್ದೀಯ. ಬಾ, ಬೇಡವೆಂದವರು ಯಾರು? ಆದರೆ ಈಗ ಬೇಡ. ನಿನ್ನ ಕೋಣೆಯಲ್ಲಿ ಪುಸ್ತಕಗಳು ಸೂರು ಮುಟ್ಟಿವೆ, ಮಂಚದ ಮೇಲೆ ಹಸ್ತಪ್ರತಿ ಹರಡಿಕೊಂಡಿದೆ. ಒಂದು ಹಾಳೆ ಅತ್ತಿತ್ತ ಆದರೆ ನನ್ನ ಕಥೆ ಮುಗಿಯಿತು. ಪುಸ್ತಕ ಅಚ್ಚಿಗೆ ಹೋಗಲಿ, ಅಳಿಯಂದಿರಿಗೂ ರಜೆ ಸಿಗಲಿ, ಇಬ್ಬರೂ ಒಟ್ಟಿಗೆ ಬನ್ನಿ. ಸುಸ್ತು ಎಂದೆಯಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮೊದಲಿನಿಂದಲೂ ಊಟಕ್ಕೆ ಕಳ್ಳಿ.

ಇನ್ನೂ ನಾಲ್ಕು ಮನೆಗಳ ಪುಟ ಕಳಿಸಿದ್ದೇನೆ.

ನಿನ್ನ ಅಮ್ಮ

*

ಮಾರ್ಚ್ ೫

ಅಮ್ಮ,

ನಕ್ಷೆಗಳು ಇದರ ಜೊತೆಗಿವೆ. ತಡವಾಯಿತು. ಆಫೀಸಿನಲ್ಲಿ ಒಬ್ಬರು ತಮ್ಮ ಬಚ್ಚಲುಮನೆಯನ್ನು ಮನೆಯ ನಾಲ್ಕೂ ಮೂಲೆಗೆ ಸುತ್ತಿಸಿ, ಕಡೆಗೆ ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿದರು. ಪ್ರತಿ ಸಲವೂ ಹೊಸ ಪ್ಲಾನ್. ನನಗೆ ಕಣ್ಣು ಉರಿಯುತ್ತಿದೆ, ಹೆಚ್ಚು ಬರೆಯುವುದಿಲ್ಲ.

ಕೋಣೆಯ ವಿಷಯ ತಿಳಿಯಿತು. ಸರಿ.

ನಿನ್ನ ಮಗಳು

*

ಮಾರ್ಚ್ ೧೭

ಮಗಳೇ,

ನಾಲ್ಕು ಕಳಿಸುತ್ತೀಯೆಂದು ಕಾದರೆ ಐದು ನಕ್ಷೆ ಬಂದಿವೆ. ಬಾಕಿ ನಾಲ್ಕರ ಮಾತು ಆಮೇಲೆ. ಮೊದಲು ಆ ಐದನೆಯದು, ಮೂಲೆಯಲ್ಲಿ ಸಂಖ್ಯೆ ಹಾಕದೆ ಬಿಟ್ಟಿದ್ದೀಯಲ್ಲ, ಅದು. ಎಷ್ಟು ತಲೆ ಕೆರೆದುಕೊಂಡರೂ ಯಾವ ಕಾದಂಬರಿಯದೆಂದು ಹೊಳೆಯುತ್ತಿಲ್ಲ. ಪುಟ ಕಳಿಸಿದವಳು ನಾನೇ, ಮರೆತವಳೂ ನಾನೇ. ವಯಸ್ಸಾಯಿತು, ಇನ್ನೇನು ಹೇಳಲಿ.

ಎಂಥ ಮನೆ ಅದು! ಮಹಲಲ್ಲ, ಮೆಟ್ಟಿಲಿಲ್ಲ, ಅಂಗೈಯಗಲ. ಮುಂದಿನ ಕೋಣೆಯಲ್ಲಿ ಒಂದೇ ಕುರ್ಚಿ, ಅದೂ ಗೋಡೆಗೆ ಮುಖ ಮಾಡಿಕೊಂಡಿದೆ. ಊಟದ ಮೇಜಿಗೂ ಒಂದೇ ಕುರ್ಚಿ. ಸರಿ, ಒಂಟಿ ಗಂಡಸಿನ ಮನೆ ಎಂದುಕೊಂಡೆ. ಆಮೇಲೆ ಆ ಕಿರಿದಾದ ನಡುದಾರಿ ಹಿಡಿದು ಕೊನೆಯವರೆಗೆ ಹೋದರೆ, ಹಳೆಯ ಪೇಪರು, ಖಾಲಿ ಡಬ್ಬ ಇಡುವ ಕೋಣೆಯಲ್ಲಿ ಒಂದು ಮಂಚ. ಮಂಚ ಅಡ್ಡವಾಗಿ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಅದನ್ನೂ ಕಾಣಿಸಿದ್ದೀಯ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಅಲ್ಲಿ ಒಬ್ಬ ಹೆಂಗಸು ಮಲಗುತ್ತಾಳೆ. ಕೆಲಸದವಳಲ್ಲ, ಕೆಲಸದವಳಿಗೆ ಮಂಚ ಕೊಡುವ ಲೇಖಕರನ್ನು ನಾನಂತೂ ಓದಿಲ್ಲ. ಆ ಮನೆಯ ಹೆಂಡತಿಯೇ ಇರಬೇಕು. ಅಡಿಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಾಳೆ, ಏಕೆಂದರೆ ಅವಳಿಗೆ ಇನ್ನೆಲ್ಲೂ ಕೂರಲು ಜಾಗವಿಲ್ಲ.

ದೊಡ್ಡ ಮಲಗುವ ಕೋಣೆಯೊಂದನ್ನು ಮಾತ್ರ ಇಡಿಯಾಗಿ ಚುಕ್ಕಿ ಗೆರೆಯಲ್ಲಿ ಎಳೆದಿದ್ದೀಯ, ಬಾಗಿಲಿಗೆ ಬೀಗದ ಗುರುತು. ಅಂದರೆ ಲೇಖಕ ನಮ್ಮನ್ನು ಒಳಗೆ ಬಿಡುವುದೇ ಇಲ್ಲ. ಎಷ್ಟು ಜಾಣ! ನಾನು ಇಡೀ ಮಧ್ಯಾಹ್ನ ಆ ಬಾಗಿಲ ಮುಂದೆ ನಿಂತ ಹಾಗಿತ್ತು.

ಈ ಮನೆಯಲ್ಲಿ ಯಾರೂ ಬೈಯುವುದಿಲ್ಲ, ಯಾರೂ ಕೈ ಎತ್ತುವುದಿಲ್ಲ. ದಿನಕ್ಕೊಂದಿಷ್ಟು ಅವಳನ್ನು ಹಿಂದಕ್ಕೆ ಸರಿಸುತ್ತ ಬಂದಿದ್ದಾರೆ ಅಷ್ಟೇ. ಇನ್ನು ಸರಿಸಲು ಹಿಂದೆ ಜಾಗವಿಲ್ಲ. ಈ ಹೆಂಗಸು ಹೊರಡಲೇಬೇಕು. ಕಥೆ ಮುಗಿಯುವುದರೊಳಗೆ ಅವಳು ಆ ಹೊಸ್ತಿಲು ದಾಟದಿದ್ದರೆ ಲೇಖಕನನ್ನು ನಾನು ಸುಮ್ಮನೆ ಬಿಡುವವಳಲ್ಲ.

ನನ್ನ ಕೊನೆಯ ಅಧ್ಯಾಯ ಇದರ ಮೇಲೆಯೇ. ಬರೆಯಲು ಕೂತಿದ್ದೇನೆ, ಪೆನ್ನು ತಾನಾಗಿ ಓಡುತ್ತಿದೆ. ಯಾವ ಕಾದಂಬರಿ ಎಂದು ಬೇಗ ತಿಳಿಸು. ನಕಲು ತೆಗೆಯುವಾಗ ಪುಟದ ತಲೆಯ ಮೇಲಿನ ಹೆಸರು ಮುಚ್ಚಲು ಮರೆತಿರಬಹುದು, ನೋಡು.

ನಿನ್ನ ಅಮ್ಮ

*

ಏಪ್ರಿಲ್ ೨

ಅಮ್ಮ,

ಆ ಮನೆಯನ್ನು ಯಾರೂ ಬರೆದಿಲ್ಲ. ಅದು ನಾನಿರುವ ಮನೆ.

ಬೇಕೆಂದೇ ಕಳಿಸಿದೆ ಎಂದುಕೊಳ್ಳಬೇಡ. ಒಂದು ದಿನ ಊಟದ ಬಿಡುವಿನಲ್ಲಿ, ಮನೆಗೆ ಫೋನ್ ಮಾಡಿ ಮಾತಾಡಲು ಯಾರೂ ಇಲ್ಲದೆ, ನಿನ್ನ ನಿಯಮದಲ್ಲೇ ನಮ್ಮ ಮನೆ ಎಳೆದರೆ ಹೇಗಿರುತ್ತದೆ ಎಂದು ಸುಮ್ಮನೆ ಎಳೆದೆ. ಒಂದೇ ಬಗೆಯ ಕಾಗದ, ಒಂದೇ ಮೇಜು. ಸುರುಳಿ ಸುತ್ತುವಾಗ ಅದೂ ಸೇರಿಕೊಂಡಿತು. ನಿನಗೆ ಗುರುತು ಸಿಗಲಿಲ್ಲ, ಸಿಗುವುದಾದರೂ ಹೇಗೆ. ನಾವು ಈ ಮನೆಗೆ ಬಂದ ಮೇಲೆ ನಿನ್ನ ಮಂಡಿನೋವು ನಿನ್ನನ್ನು ಇಲ್ಲಿಗೆ ಬರಗೊಟ್ಟಿಲ್ಲ.

ನೀನು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ. ಮೊದಲು ಅವರು, ನಿನ್ನ ಅಲಾರಾಂನಿಂದ ನನ್ನ ನಿದ್ದೆ ಕೆಡುತ್ತದೆ ಎಂದರು. ನಾನು ಮುಂದಿನ ಕೋಣೆಗೆ ಬಂದೆ. ಆಮೇಲೆ ಟಿವಿ ನೋಡಲು ಅಡ್ಡಿ ಎಂದರು. ಹಿಂದಿನ ಕೋಣೆಗೆ ಹೋದೆ. ಒಂದು ಸಂಜೆ ಬಂದಾಗ ನನ್ನ ಬಟ್ಟೆಯೆಲ್ಲ ಆ ಡಬ್ಬಗಳ ಪಕ್ಕದಲ್ಲಿ ಮಡಿಸಿಟ್ಟಿತ್ತು, ಮಲಗುವ ಕೋಣೆಗೆ ಬೀಗ ಬಿದ್ದಿತ್ತು. ಮಡಿಸಿದ್ದೇನೋ ನೀಟಾಗಿತ್ತು. ಕಳೆದ ಬೇಸಿಗೆಯಿಂದ ಅವರು ನನ್ನ ಜೊತೆ ಮಾತಾಡಿಲ್ಲ. ನಾನು ಬರುವ ಮೊದಲೇ ಊಟ ಮುಗಿಸಿರುತ್ತಾರೆ. ಜಗಳವೇನೂ ಆಗಿಲ್ಲ ಅಮ್ಮ. ಜಗಳ ಆಗಿದ್ದರೆ ನಿನಗೆ ಹೇಳಲು ಸುಲಭವಿತ್ತು.

ಏಕೆ ಎಂದು ಕೇಳಿದೆ. ಬಹಳ ಸಲ ಕೇಳಿದೆ. ಈಗ ಕೇಳುವ ತ್ರಾಣವೂ ಇಲ್ಲ.

ನಿನ್ನ ಮಗಳು

*

ಏಪ್ರಿಲ್ ೧೦

ಮಗಳೇ,

ನಿನ್ನ ಪತ್ರ ಓದಿ, ಆ ನಕ್ಷೆಯ ಸುರುಳಿಯನ್ನು ಮತ್ತೆ ಬಿಚ್ಚಿ ನೋಡಿದೆ.

ಆದರೆ ದುಡುಕಬೇಡ. ಅಳಿಯಂದಿರು ಕುಡಿಯುವವರಲ್ಲ, ಕೈ ಮಾಡುವವರಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುವವರು. ಗಂಡ ಹೆಂಡಿರ ನಡುವೆ ಮಾತು ನಿಲ್ಲುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಿಮ್ಮಪ್ಪ ಒಮ್ಮೆ ವಾರಗಟ್ಟಲೆ ನನ್ನ ಹತ್ತಿರ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕಡೆಗೆ ಕನ್ನಡಕ ಕಳೆದುಹೋಯಿತು, ಹುಡುಕಿಕೊಡು ಎಂದು ಮಾತು ಶುರುವಾಯಿತು. ಅದು ಅವರ ತಲೆಯ ಮೇಲೆಯೇ ಇತ್ತು. ನೀನೇ ಒಂದು ಹೆಜ್ಜೆ ಮುಂದೆ ಹೋಗಿ ಮಾತಾಡಿಸು. ಅವರಿಗೆ ಆಫೀಸಿನಲ್ಲಿ ಏನು ತಲೆನೋವೋ ಏನೋ. ಸ್ವಲ್ಪ ಹೊಂದಿಕೋ. ವಯಸ್ಸು ಕಳೆದ ಹಾಗೆ ಗಂಡಸರು ಮೆತ್ತಗಾಗುತ್ತಾರೆ.

ಪುಸ್ತಕ ಮುಗಿದ ಕೂಡಲೇ ನಾನೇ ಬಂದು ಇಬ್ಬರನ್ನೂ ಕೂರಿಸಿ ಮಾತಾಡುತ್ತೇನೆ.

ನಿನ್ನ ಅಮ್ಮ

*

ಏಪ್ರಿಲ್ ೧೯

ಅಮ್ಮ,

ಅದು ಪುಸ್ತಕದ ಮನೆ ಎಂದುಕೊಂಡಿದ್ದಾಗ 'ಈ ಹೆಂಗಸು ಹೊರಡಲೇಬೇಕು' ಎಂದು ಬರೆದೆ. ಅವಳು ನಿನ್ನ ಮಗಳು ಎಂದು ತಿಳಿದ ಮೇಲೆ 'ಹೊಂದಿಕೋ' ಎಂದು ಬರೆದೆ. ಎರಡು ಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ.

ನನಗೆ ಸಿಟ್ಟು ಬಂದಿಲ್ಲ, ಬರುವಷ್ಟು ಶಕ್ತಿ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಉಳಿದ ನಕ್ಷೆಗಳನ್ನು ಬೇರೆ ಯಾರ ಕೈಯಲ್ಲಾದರೂ ಮಾಡಿಸಿಕೋ.

ನಿನ್ನ ಮಗಳು

*

ಮೇ ೪

ಮಗಳೇ,

ನಿನ್ನ ಪತ್ರಕ್ಕೆ ಉತ್ತರ ಬರೆದು ಹರಿದೆ. ಇನ್ನೊಂದು ಬರೆದು ಅದನ್ನೂ ಹರಿದೆ. ಪಕ್ಕದ ಮನೆಯಾಕೆಯನ್ನು ಕರೆದು ನಿನಗೆ ಫೋನ್ ಮಾಡಿಸಿದೆ, "ಎತ್ತುತಾ ಇಲ್ಲ ಅಕ್ಕ, ರಿಂಗ್ ಆಗ್ತಾ ಇದೆ" ಎಂದಳು. ಒಂದು ಸಾಲಾದರೂ ಬರೆ. ಊಟ ಮಾಡುತ್ತಿದ್ದೀಯ ಎಂದಾದರೂ ಬರೆ.

ನಿನ್ನ ಅಮ್ಮ

*

ಜೂನ್ ೩

ಮಗಳೇ,

ನೀನು ಬರೆಯದಿದ್ದರೆ ಬೇಡ. ನಾನು ಬರೆಯುತ್ತೇನೆ.

ಏಪ್ರಿಲ್‌ನಲ್ಲಿ ನಾನು ಆಡಿದ ಮಾತು ಬುದ್ಧಿಯಿಂದ ಬಂದದ್ದಲ್ಲ. ನನಗೆ ಭಯವಾಗಿತ್ತು. ಇಷ್ಟೇ ನಿಜ, ಇದನ್ನು ಅಲಂಕಾರ ಮಾಡಿ ಹೇಳಲು ನನಗೆ ಮನಸ್ಸಿಲ್ಲ.

ಕಾದಂಬರಿಯ ಹೆಂಗಸನ್ನು ಮನೆ ಬಿಡಿಸುವುದು ನೀರು ಕುಡಿದಷ್ಟು ಸುಲಭ. ಅವಳು ಹೊಸ್ತಿಲು ದಾಟುತ್ತಾಳೆ, ಪುಸ್ತಕ ಮುಗಿಯುತ್ತದೆ, ನಾವು ಕಣ್ಣೊರೆಸಿಕೊಂಡು ಊಟಕ್ಕೆ ಏಳುತ್ತೇವೆ. ಅವಳು ಆ ದಿನ ಎಲ್ಲಿ ಮಲಗಿದಳು, ಮಾರನೆಯ ದಿನ ಯಾರ ಮನೆಯಲ್ಲಿ ಹಲ್ಲುಜ್ಜಿದಳು, ಅವಳ ತಾಯಿ ಅವಳನ್ನು ಒಳಗೆ ಕರೆದಳೋ ಇಲ್ಲವೋ, ಯಾವ ದೊಡ್ಡ ಲೇಖಕನೂ ಬರೆದಿಲ್ಲ. ಹೋದ ತಿಂಗಳೆಲ್ಲ ಒಂದೊಂದೇ ಪುಸ್ತಕ ತೆಗೆದು ಹುಡುಕಿದೆ. ನಾನು ನಲವತ್ತು ವರ್ಷ ಹುಡುಗಿಯರಿಗೆ ಹೊಸ್ತಿಲಿನವರೆಗೆ ಮಾತ್ರ ಪಾಠ ಮಾಡಿದ್ದೇನೆ. ನೀನು ಹೊರಟರೆ ಮಾರನೆಯ ದಿನ ಇರುತ್ತದೆ. ಅಕ್ಕಪಕ್ಕದವರು ಕೇಳುತ್ತಾರೆ, ನಿನ್ನ ಮುಂದಿನ ಇಪ್ಪತ್ತು ಮೂವತ್ತು ವರ್ಷ ಇರುತ್ತದೆ, ನಾನು ಅಷ್ಟು ದಿನ ಇರುವುದಿಲ್ಲ. ಅದನ್ನು ನೆನೆದು ಹೆದರಿದೆ. ಹೆದರಿದವಳು ಯಾರ ಬಾಯಿಂದ ಏನು ಕೇಳಿ ಬೆಳೆದಿದ್ದಳೋ ಅದನ್ನೇ ಮಗಳಿಗೂ ಹೇಳಿದಳು.

ನಿನ್ನ ಕೋಣೆ ಖಾಲಿ ಮಾಡಿಸಿದ್ದೇನೆ. ಪುಸ್ತಕಗಳನ್ನು ಕಾಲೇಜಿನ ಗ್ರಂಥಾಲಯದವರು ಬಂದು ಒಯ್ದರು. ಗೋಡೆಗೆ ಸುಣ್ಣ ಹೊಡೆದಾಯಿತು, ಅದರ ವಾಸನೆಗೆ ನನಗೆ ಎರಡು ದಿನ ಕೆಮ್ಮು. ನಿನ್ನ ಮನೆಯ ಮೇಲೆ ಬರೆದ ಆ ಅಧ್ಯಾಯವನ್ನು ಪ್ರಕಾಶಕರಿಂದ ವಾಪಸು ತರಿಸಿಕೊಂಡೆ. "ಮೇಡಂ, ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿತ್ತಲ್ಲ" ಎಂದು ಹಲುಬಿದರು. ಚೆನ್ನಾಗಿತ್ತು ಎಂದು ನನಗೂ ಗೊತ್ತು. ಅದಕ್ಕೇ ನಾಚಿಕೆಯಾಯಿತು.

ಭಾನುವಾರ ನಾನು ಅಲ್ಲಿಗೆ ಬರುತ್ತೇನೆ. ಮಂಡಿಯ ಚಿಂತೆ ಬೇಡ, ಪಕ್ಕದ ಮನೆಯಾಕೆ ಜೊತೆಗಿರುತ್ತಾಳೆ. ನೀನು ಏನೂ ಮಾತಾಡಬೇಕಾಗಿಲ್ಲ. ಬಾಗಿಲು ತೆಗೆದವರಿಗೆ, ನನ್ನ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎನ್ನುತ್ತೇನೆ. ಅವರು ಕಾರಣ ಕೇಳಿದರೆ ಅದನ್ನೂ ನಾನೇ ಹೇಳುತ್ತೇನೆ.

ನಿನ್ನ ಅಮ್ಮ

*

ಜೂನ್ ೧೨, ಗುರುವಾರ

ಅಮ್ಮ,

ಅಂಚೆ ತಡವಾಗಿ ನಿನ್ನ ಪತ್ರ ನಿನ್ನೆಯಷ್ಟೇ ಕೈಸೇರಿತು. ಯಾವ ಭಾನುವಾರ ಎಂದು ಬರೆದಿಲ್ಲ, ಹೋದ ಭಾನುವಾರ ಬರಲಿಲ್ಲವಾದ್ದರಿಂದ ಈ ಭಾನುವಾರವೇ ಇರಬೇಕು. ಬರಬೇಡ. ಅಷ್ಟು ದೂರದ ಬಸ್ಸು ನಿನಗೆ ಆಗಿಬರುವುದಿಲ್ಲ. ಅಲ್ಲದೆ ಆ ಬಾಗಿಲಲ್ಲಿ ನೀನು ನಿಂತು ಪಾಠ ಮಾಡುವುದು, ಅವರು ಗೋಡೆಯ ಹಾಗೆ ಕೇಳಿಸಿಕೊಳ್ಳುವುದು ಇದನ್ನೆಲ್ಲ ನೋಡುವುದು ನನಗೆ ಬೇಡ.

ಬೆಳಿಗ್ಗೆ ನಾನೇ ಹೇಳಿದೆ. ಅವರು ಕೆಲಸಕ್ಕೆ ಹೊರಟು ಶೂ ಲೇಸು ಕಟ್ಟುತ್ತಿದ್ದರು. "ಅಮ್ಮನ ಮನೆಗೆ ಹೋಗ್ತಾ ಇದೀನಿ. ವಾಪಸ್ ಬರಲ್ಲ" ಎಂದೆ. ಇನ್ನೊಂದು ಕಾಲಿನ ಲೇಸನ್ನೂ ಕಟ್ಟಿ ಮುಗಿಸಿದರು. ಆಮೇಲೆ "ಹಾಲಿನವನಿಗೆ ಹೇಳಿದೀಯಾ?" ಎಂದರು. ಒಂದು ವರ್ಷದಿಂದ ನನ್ನ ಹತ್ತಿರ ಅವರು ಆಡಿದ ಮೊದಲ ಮಾತು ಅದು. ಹೇಳಿದೀನಿ ಎಂದೆ. ತಲೆಯಾಡಿಸಿ ಹೋದರು. ನಾನು ಸ್ವಲ್ಪ ಹೊತ್ತು ಅಲ್ಲೇ ಅವರ ಕುರ್ಚಿಯಲ್ಲಿ ಕೂತಿದ್ದೆ, ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ಆಮೇಲೆ ಎರಡು ಚೀಲ ಎತ್ತಿಕೊಂಡು ಹೊರಟೆ. ಅಷ್ಟು ವರ್ಷದ ಸಂಸಾರ ಎರಡೇ ಚೀಲದಲ್ಲಿ ಹಿಡಿಯಿತು, ನನಗೇ ಆಶ್ಚರ್ಯ.

ಇದನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಚೀಲವನ್ನು ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಕೂತ ಅಜ್ಜಿ "ಯಾರಿಗಮ್ಮಾ ಇಷ್ಟುದ್ದ ಕಾಗದ?" ಎಂದು ಕೇಳಿದರು. "ಅಮ್ಮಂಗೆ" ಎಂದೆ. "ಎಲ್ಲಿಗೆ ಹೊರಟಿದೀಯಾ?" ಎಂದರು. "ಅಮ್ಮನ ಹತ್ರಕ್ಕೇ" ಎಂದೆ. ನನ್ನ ಮುಖ ಒಂದು ಸಲ ನೋಡಿ ಸ್ವಲ್ಪ ಆ ಕಡೆ ಸರಿದು ಕೂತರು.

ಅಜ್ಜಿಯದೇನೂ ತಪ್ಪಿಲ್ಲ. ಈ ಕಾಗದ ನಿನ್ನನ್ನು ಮುಟ್ಟಲು ಮೂರು ನಾಲ್ಕು ದಿನ ಬೇಕು, ನಾನು ನಾಳೆ ಬೆಳಿಗ್ಗೆಯೇ ಬಂದಿರುತ್ತೇನೆ. ಆದರೂ ಡಬ್ಬಿಗೆ ಹಾಕಿಯೇ ಬಸ್ಸು ಹತ್ತುತ್ತೇನೆ. ಎದುರು ಕೂತು ಇಷ್ಟನ್ನೆಲ್ಲ ಹೇಳಲು ನನ್ನಿಂದಾಗದು. ಬಂದ ಕೂಡಲೇ ನನ್ನನ್ನು ಏನೂ ಕೇಳಬೇಡ ಅಮ್ಮ. ಮಲಗಲು ಬಿಡು. ಎದ್ದು ಊಟ ಮಾಡಿ ಮತ್ತೆ ಮಲಗಿದರೂ ಸುಮ್ಮನಿರು. ಅಂಚೆಯವರು ಬರುವ ಹೊತ್ತಿಗೆ ನನಗೆ ಎಚ್ಚರವಾಗಿರುತ್ತದೆ. ಬಾಗಿಲು ನಾನೇ ತೆಗೆದು, ಇದನ್ನು ಇಸಿದುಕೊಂಡು ತಂದು ನಿನ್ನ ಕೈಗೆ ಕೊಡುತ್ತೇನೆ.

ನಿನ್ನ ಮಗಳು